‘ಡೆಡಿಕೇಶನ್’: ಬಿಟ್ಟವರು ಯಾರು?

ಜತ್ತ ತಾಲೂಕಿನ ಶೇಗಾಂವದಿಂದ ಮಾತಾಡ್ತಿದ್ದೇನೆ. ಇವತ್ತು ನಾನು ಎತ್ತಿಕೊಂಡಿರುವುದು ಒಂದೇ ಇಂಗ್ಲಿಷ್ ಪದ: ಡೆಡಿಕೇಶನ್.

ಈಗ ನಮ್ಮಲ್ಲೂ ಇದು ಹೊಗಳಿಕೆಯ ಮಾತು. “ಆ ಮಾಸ್ತರಿಗೆ ಭಾಳ ಡೆಡಿಕೇಶನ್ ಅದ” ಅಂದರೆ ನಿಷ್ಠೆ ಇದೆ ಅಂತ. ಆದರೆ ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ, ಒಂದು ಗುಡಿಯನ್ನೋ ವಸ್ತುವನ್ನೋ ದೇವರದೆಂದು ಸಾರುವುದು. ಇಂಗ್ಲಿಷಿಗೂ ಮೊದಲು ಬಂದದ್ದು ಚರ್ಚನ್ನು ದೇವರಿಗೆ ಒಪ್ಪಿಸುವ ಅರ್ಥದಲ್ಲೇ. ಪುಸ್ತಕದ ಅರ್ಪಣೆ, ಕೆಲಸದ ನಿಷ್ಠೆ ಎಂಬ ಅರ್ಥಗಳು ಆಮೇಲಿನವು. ಹೀಗಾಗಿ ತನ್ನನ್ನು ತಾನು ಕೊಟ್ಟುಕೊಂಡವರಿಗೂ, ಬೇರೆಯವರು ಕೊಟ್ಟುಬಿಟ್ಟವರಿಗೂ ಅಲ್ಲಿ ಒಂದೇ ಪದ.

ಕನ್ನಡ ಇದನ್ನು ಬೇರೆ ಮಾಡಿ ಹೇಳ್ತದ. ಸ್ವಂತ ಇಚ್ಛೆಯಾದರೆ ‘ಅರ್ಪಿಸಿಕೊಂಡರು’. ಜತ್ತದಲ್ಲೂ ಸವದತ್ತಿಯಲ್ಲೂ ಯಲ್ಲಮ್ಮನ ಜಾತ್ರೆ ನೋಡಿದವರಿಗೆ ಇನ್ನೊಂದು ಮಾತು ಗೊತ್ತು: ‘ದೇವರಿಗೆ ಬಿಟ್ಟಾರ’. ಮರಾಠಿಯಲ್ಲೂ ‘ದೇವಾಲಾ ಸೋಡಣೆ’, ಅದೇ ಕ್ರಿಯಾಪದ. ನಮ್ಮ ಶಾಸನಗಳಲ್ಲಿ ದೇವಾಲಯಕ್ಕೆ ಭೂಮಿ ಕೊಟ್ಟಾಗಲೂ ‘ಬಿಟ್ಟ ದತ್ತಿ’ ಎಂದೇ ಬರೆದಿದೆ. ಬಿಡುವವನು ಒಡೆಯ, ಬಿಟ್ಟ ಭೂಮಿಗೆ ಬಾಯಿ ಇಲ್ಲ. ಹುಡುಗಿಗೂ ಅದೇ ಮಾತು ಸಂದಿದೆ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು.

ಇನ್ನು ಕಾಯ್ದೆಗಳು. 1934ರ ಮುಂಬಯಿ ಕಾಯ್ದೆಯ ಹೆಸರಿನಲ್ಲಿರುವುದು ದೇವದಾಸಿಯರ ‘ರಕ್ಷಣೆ’. ಅದು ಬ್ರಿಟಿಷ್ ಪ್ರಾಂತದ ಕಾನೂನು. ಜತ್ತ ಆಗ ಡಫಳೆ ಮನೆತನದ ಸಂಸ್ಥಾನ, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1947ರ ಮದರಾಸು ಕಾಯ್ದೆ, 1982ರ ಕರ್ನಾಟಕ ಕಾಯ್ದೆ ಎರಡರ ಹೆಸರಿನಲ್ಲೂ ‘ಡೆಡಿಕೇಶನ್’ ಇದೆ. 2005ರ ಮಹಾರಾಷ್ಟ್ರ ಕಾಯ್ದೆಯ ಹೆಸರು ಪದ್ಧತಿಯ ‘ನಿರ್ಮೂಲನ’ ಎನ್ನುತ್ತದೆ.

ಕರ್ನಾಟಕದ 1982ರ ಕಾಯ್ದೆಯನ್ನು ಒಳಹೊಕ್ಕು ನೋಡಿದರೆ, ಹೆಣ್ಣುಮಗಳು ಒಪ್ಪಿರಲಿ ಬಿಡಲಿ, ಆ ಕ್ರಿಯೆಯೇ ಕಾನೂನುಬಾಹಿರವಾಗಿತ್ತು. ಅದರಲ್ಲಿ ಭಾಗಿಯಾದವರಿಗೆ 3 ವರ್ಷದವರೆಗೆ ಸಜೆ ಇತ್ತು. ತಂದೆ-ತಾಯಿ, ಪೋಷಕರು, ಸಂಬಂಧಿಕರೇ ಮಾಡಿದ್ದರೆ ಕನಿಷ್ಠ 2, ಗರಿಷ್ಠ 5 ವರ್ಷ ಇತ್ತು. ಅಂದರೆ ಇಂಗ್ಲಿಷ್ ಪದ ಮರೆಮಾಡಿದ ‘ಬಿಟ್ಟವರನ್ನು’ ಶಿಕ್ಷೆಯ ಕಲಮು ಹುಡುಕಿ ಹಿಡಿಯುತ್ತಿತ್ತು.

ಆದರೂ ನಮ್ಮ ಪ್ರಬಂಧಗಳಲ್ಲಿ ‘ದೇವಿಗೆ ಸಮರ್ಪಿತಳಾದಳು’ ಎಂದು ಬರೀತೀವಿ. ನಾನೂ ಬರೆದೀನಿ. ಆ ವಾಕ್ಯದಾಗ ಅಪ್ಪ ಇಲ್ಲ, ಪೂಜಾರಿ ಇಲ್ಲ, ಬಡತನ ಇಲ್ಲ. ಆಕೆಯೊಬ್ಬಳೇ ನಿಂತಾಳ, ತಾನೇ ಹೋದವಳಂಗ. ಮಾಸ್ತರರ ನಿಷ್ಠೆಯ ಬಣ್ಣ ಆಕೆಯ ಮೇಲೂ ಬೀಳ್ತದ. ಇನ್ನು ಮುಂದೆ ನಾನು ‘ಆಕೆಯನ್ನು ಬಿಟ್ಟರು’ ಅಂತ ಬರೆದು, ಬಿಟ್ಟವರು ಯಾರು ಅಂತಲೂ ಬರೀತೀನಿ. ಮರ್ಯಾದೆಯ ಪದ ಹುಡುಕೋದಕ್ಕಿಂತ ಕರ್ತೃವನ್ನು ಹುಡುಕೋದು ನಮ್ಮ ಕೆಲಸ ಅಂತ ನನ್ನ ಅಭಿಪ್ರಾಯ. ಪ್ರಶ್ನೆಗಳಿದ್ದರ ಕೇಳ್ರಿ.