ಯಜಮಾನನಿಲ್ಲದ ಮನೆ

ಯುದ್ಧಗಳ ಚರಿತ್ರೆಯಲ್ಲಿ ಸೇನಾಪತಿಗಳ ಮತ್ತು ಮಂತ್ರಿಗಳ ಹೆಸರುಗಳು ಉಳಿಯುತ್ತವೆ. ಅವರು ಬಿಟ್ಟುಹೋದ ಮನೆಗಳಲ್ಲಿ ಒಲೆ ಆರದಂತೆ ನೋಡಿಕೊಂಡವರ ವೃತ್ತಾಂತವು ಉಳಿಯುವುದು ಅಪೂರ್ವ. ಅಮೆರಿಕೆಯ ಸ್ವಾತಂತ್ರ್ಯಸಮರದ ಕಾಲದ ಅಂತಹ ಒಂದು ಮನೆಯ ಕಥೆಯು ಸುದೈವದಿಂದ ಉಳಿದು ಬಂದಿದೆ. ಮುಂದೆ ಆ ದೇಶದ ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸನಿಗೂ ಅವನ ಪತ್ನಿ ಅಬಿಗೈಲಳಿಗೂ ನಡೆದ ಪತ್ರವ್ಯವಹಾರದಲ್ಲಿ ಸಾವಿರಕ್ಕೂ ಮಿಕ್ಕ ಕಾಗದಗಳು ದೊರೆತಿವೆ. ಆಕೆಯ ಪತ್ರಗಳನ್ನು ಮೊಮ್ಮಗನಾದ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸನು 1840ರಲ್ಲಿ ಮೊದಲು ಅಚ್ಚುಹಾಕಿಸಿದನು.

1774ನೆಯ ಆಗಸ್ಟಿನಲ್ಲಿ ಆಡಮ್ಸನು ಕಾಂಗ್ರೆಸ್ ಸಭೆಗಾಗಿ ಫಿಲಡೆಲ್ಫಿಯಕ್ಕೆ ಹೊರಟನು. ಬಾಸ್ಟನ್ ನಗರದ ಸಮೀಪದ ಬ್ರೇನ್‌ಟ್ರೀ ಗ್ರಾಮದಲ್ಲಿ ಮನೆ, ಹೊಲ, ದನಕರು, ಆಳುಕಾಳು, ನಾಲ್ವರು ಮಕ್ಕಳು, ಇವೆಲ್ಲದರ ಭಾರವು ಇಪ್ಪತ್ತೊಂಬತ್ತು ವರ್ಷದ ಅಬಿಗೈಲಳ ಮೇಲೆ ಬಿದ್ದಿತು. ಹಿರಿಯ ಮಗಳಿಗೆ ಒಂಬತ್ತು ವರ್ಷ. ಕಿರಿಯ ಮಗನಿಗೆ ಎರಡು ತುಂಬಿರಲಿಲ್ಲ. ಅಲ್ಲಿಂದ ಮುಂದೆ ಹತ್ತು ವರ್ಷಗಳ ಕಾಲ ಯಜಮಾನನು ಮನೆಯಲ್ಲಿದ್ದ ದಿನಗಳಿಗಿಂತ ಇಲ್ಲದ ದಿನಗಳೇ ಹೆಚ್ಚಾದುವು.

1775ನೆಯ ಏಪ್ರಿಲಿನಲ್ಲಿ ಯುದ್ಧವು ಮೊದಲಾಯಿತು. ದಣಿದ ಸೈನಿಕರೂ ಬಾಸ್ಟನ್ನಿನಿಂದ ಓಡಿಬಂದವರೂ ಆ ಮನೆಯ ಬಾಗಿಲಿಗೆ ಬಂದರು. ಅನ್ನ ನೀರು ಕೊಟ್ಟು ಮಲಗಲು ಎಡೆಮಾಡಿಕೊಡಬೇಕಾಯಿತು. ಜೂನ್ 17ರಂದು ಬಂಕರ್ ಹಿಲ್ ಕದನವನ್ನು ಆಕೆಯು ಏಳು ವರ್ಷದ ಮಗನೊಡನೆ ಊರಿನ ಗುಡ್ಡದ ಮೇಲೆ ನಿಂತು ನೋಡಿದಳು. ಅದೇ ತಿಂಗಳು ಪತಿಗೆ ಬರೆದ ಕಾಗದದಲ್ಲಿ ಗುಂಡುಸೂಜಿಗಳ ಕಟ್ಟೊಂದನ್ನು ಕಳುಹಿಸಬೇಕೆಂದು ಬೇಡಿದಳು. ಸೀಮೆಯಿಂದ ಬರುತ್ತಿದ್ದ ಸರಕು ನಿಂತುಹೋಗಿ, ಸೂಜಿಯೂ ದುರ್ಲಭವಾಗಿತ್ತು.

ಆದರೆ ಆ ವರ್ಷ ಮನೆಯನ್ನು ಹೊಕ್ಕ ಶತ್ರುವು ಆಮಶಂಕೆಯ ಬೇನೆ. ಸೆಪ್ಟೆಂಬರಿನಲ್ಲಿ ಮೊದಲು ಐಸಾಕನೆಂಬ ಆಳು ಮಲಗಿದನು. ಎರಡು ದಿನಗಳಲ್ಲಿ ಒಡತಿಯೇ ಮಲಗಿದಳು. ಸೂಸಿಯೆಂಬ ಪರಿಚಾರಿಕೆಯನ್ನು ಅವಳ ಮನೆಗೆ ಕಳುಹಿಸಬೇಕಾಯಿತು. ಬಳಿಕ ಕಿರಿಯ ಮಗನಿಗೂ ಪ್ಯಾಟಿಯೆಂಬ ಹುಡುಗಿಗೂ ರೋಗವು ತಗುಲಿತು. ಅಬಿಗೈಲಳು ತಾನಿನ್ನೂ ಚೇತರಿಸಿಕೊಳ್ಳದಿರುವಾಗಲೇ ಎದ್ದು, ಸಾಕುವ ಮಗನಿಗೂ ಸಂಬಳದ ಹುಡುಗಿಗೂ ಭೇದವಿಲ್ಲದೆ ಶುಶ್ರೂಷೆ ಮಾಡಿದಳು. ರೋಗಿಯ ಕೊಠಡಿಯ ದುರ್ವಾಸನೆಯನ್ನು ತಾಳಲಾರದೆ ಮನೆಯನ್ನು ಬಿಸಿ ವಿನೆಗರ್‌ನಿಂದ ತೊಳೆಯಿಸುತ್ತಿದ್ದಳು. ಮಗನು ಬದುಕಿದನು. ನೆರವಿಗೆ ಬರುತ್ತಿದ್ದ ತಾಯಿಯು ಅದೇ ರೋಗದಿಂದ ಅಕ್ಟೋಬರ್ 1ರಂದು ತೀರಿಕೊಂಡಳು. ಕೆಲವು ದಿನಗಳಲ್ಲಿಯೇ ಪ್ಯಾಟಿಯೂ ಮಡಿದಳು. ಪತಿಯು ದೂರದ ಸಭೆಯಲ್ಲಿದ್ದನು.

ಮುಂದಿನ ಕಷ್ಟವು ಆಳುಗಳ ಅಭಾವ. ಕೆಲವರು ಸೈನ್ಯವನ್ನು ಸೇರಿದರು; ಕೆಲವರು ಶತ್ರುಗಳ ಹಡಗುಗಳನ್ನು ಹಿಡಿದು ಲೂಟಿಯಲ್ಲಿ ಪಾಲು ಪಡೆಯುವ ಆಸೆಯಿಂದ ಕಡಲಿಗೆ ಹೋದರು. ಉಳಿದವರ ಕೂಲಿಯು ಏರಿತು; ಕಾಗದದ ನಾಣ್ಯದ ಬೆಲೆಯು ಇಳಿಯಿತು. ಪತಿಯು ರಾಜಕಾರ್ಯದಲ್ಲಿ ಗಳಿಸಿದಷ್ಟು ಹೆಸರನ್ನು ತಾನು ಬೇಸಾಯದಲ್ಲಿ ಗಳಿಸುವೆನೆಂದು 1776ರಲ್ಲಿ ವಿನೋದವಾಗಿ ಬರೆದಿದ್ದ ಆಕೆಯು, ಅವನು ಫ್ರಾನ್ಸಿಗೆ ತೆರಳಿದ 1778ರಲ್ಲಿ ಲೆಕ್ಕವನ್ನು ಬೇರೆಯಾಗಿ ಹಾಕಿದಳು. ಕೂಲಿ ತೆತ್ತು ಸಾಗುವಳಿ ಮಾಡಿಸುವುದನ್ನು ಬಿಟ್ಟು, ಹೊಲವನ್ನು ಇಬ್ಬರು ಒಕ್ಕಲುಗಳಿಗೆ ಸಮಪಾಲಿಗೆ ಒಪ್ಪಿಸಿದಳು. ಮೈಸೂರು ಸೀಮೆಯ ರೈತರು ವಾರವೆಂದು ಕರೆಯುತ್ತಿದ್ದ ಪದ್ಧತಿಯೂ ಇದೇ ಬಗೆಯದಾಗಿತ್ತು. ಪತಿಯು ಯೂರೋಪಿನಿಂದ ಕಳುಹಿಸಿದ ಕರವಸ್ತ್ರ, ನಾಡಪಟ್ಟಿ, ಬಟ್ಟೆ ಮೊದಲಾದುವನ್ನು ಬಂಧುಗಳ ಮೂಲಕ ಮಾರಿಸಿ, ಬಂದ ಲಾಭದಿಂದ ತೆರಿಗೆಯನ್ನು ಕಟ್ಟಿ ಸಂಸಾರವನ್ನು ನಡೆಸಿದಳು. ವಿವಾಹಿತ ಸ್ತ್ರೀಗೆ ಸ್ವಂತ ಸ್ವತ್ತೇ ಇಲ್ಲವೆನ್ನುತ್ತಿದ್ದ ಕಾನೂನಿನ ಕಾಲದಲ್ಲಿ, ಆ ಹಣದಲ್ಲಿ ಒಂದು ಭಾಗವನ್ನು ಆಕೆಯು ತನ್ನದೆಂದೇ ಕರೆದಳು.

ಹೊಸ ಕಾನೂನುಗಳನ್ನು ರಚಿಸುವಾಗ ಸ್ತ್ರೀಯರನ್ನು ಮರೆಯಬೇಡಿರೆಂದು ಆಕೆಯು 1776ನೆಯ ಮಾರ್ಚಿನಲ್ಲಿ ಪತಿಗೆ ಬರೆದುದು ಪ್ರಸಿದ್ಧವಾಗಿದೆ. ಅದಕ್ಕೂ ಮೊದಲು, 1774ರಲ್ಲಿಯೇ, ತಮ್ಮ ಸೀಮೆಯಲ್ಲಿ ಒಬ್ಬ ದಾಸನೂ ಇರಬಾರದೆಂದೂ, ಅನ್ಯರಿಂದ ಕಸಿದುಕೊಂಡ ಸ್ವಾತಂತ್ರ್ಯಕ್ಕಾಗಿಯೇ ತಾವು ಹೋರಾಡುವುದು ಅನ್ಯಾಯವೆಂದೂ ಬರೆದಿದ್ದಳು. ಈ ಮಾತಿನ ಮುಳ್ಳು ಆಕೆಯ ತವರಿನಲ್ಲಿಯೇ ಇದ್ದಿತು. ಪಾದ್ರಿಯಾಗಿದ್ದ ಆಕೆಯ ತಂದೆಯ ಮನೆಯಲ್ಲಿ ಫೀಬಿಯೆಂಬ ಕರಿಯ ದಾಸಿಯು ಬಹುಕಾಲದಿಂದ ಊಳಿಗ ಮಾಡುತ್ತಿದ್ದಳು. ಸಮರವೆಲ್ಲ ಮುಗಿಯುವವರೆಗೂ ಅವಳಿಗೆ ಬಿಡುಗಡೆಯಾಗಲಿಲ್ಲ. 1783ನೆಯ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಒಪ್ಪಂದವಾದ ತಿಂಗಳಲ್ಲಿಯೇ ಪಾದ್ರಿಯು ಮರಣಹೊಂದಿದನು. ಅವನ ಉಯಿಲಿನಿಂದ ಫೀಬಿಯು ಸ್ವತಂತ್ರಳಾದಳು.

ಮರುವರ್ಷದ ಜೂನಿನಲ್ಲಿ ಅಬಿಗೈಲಳು ಪತಿಯನ್ನು ಸೇರಲು ಹಡಗನ್ನೇರಿದಳು. ಹತ್ತು ವರ್ಷ ಕಾಪಾಡಿದ ಮನೆಯನ್ನು ಯಾರ ವಶಕ್ಕೆ ಬಿಡುವುದು? ಹಣಕಾಸಿನ ವ್ಯವಹಾರವನ್ನು ಬಂಧುವಾದ ಕಾಟನ್ ಟಫ್ಟ್ಸನು ವಹಿಸಿಕೊಂಡನು. ಮನೆಯಲ್ಲಿ ನೆಲೆಸಿ ಅದನ್ನು ನೋಡಿಕೊಳ್ಳುವ ಕಾರ್ಯವನ್ನು ಆಕೆಯು ಫೀಬಿಗೂ ಅವಳ ಗಂಡನಿಗೂ ಒಪ್ಪಿಸಿದಳು. ದಾಸ್ಯದಲ್ಲಿ ಬಾಳಿದವಳ ಕೈಗೆ ಮನೆಯ ಬೀಗದ ಕೈ ಬಂದಿತು.

ಅಬಿಗೈಲಳ ಜಾಣ್ಮೆಯು ಸ್ತುತ್ಯವಾದುದೇ ಸರಿ. ಆದರೆ ಆ ಮನೆಯು ನಿಂತುದು ಆಕೆಯೊಬ್ಬಳಿಂದಲ್ಲ. ದುಡಿದ ಐಸಾಕನ, ಮಡಿದ ಪ್ಯಾಟಿಯ, ಬಿಡುಗಡೆಗಾಗಿ ಒಡೆಯನ ಮರಣದವರೆಗೂ ಕಾದಿದ್ದ ಫೀಬಿಯ ಹೆಸರುಗಳು ಒಡತಿಯ ಪತ್ರಗಳಲ್ಲಿ ಬಂದುದರಿಂದಲೇ ಇಂದಿಗೂ ತಿಳಿದಿವೆ. ಪತ್ರ ಬರೆಯುವವರಿಲ್ಲದ ಮನೆಗಳಲ್ಲಿ ಇಂತಹವರ ಹೆಸರು ಕೂಡ ಉಳಿಯಲಿಲ್ಲ.