ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹವ್ಯಕ ವಿಧವೆಯರ ಕೇಶಮುಂಡನ ಮತ್ತು ಶಿರೋವಸ್ತ್ರ

೧

ಸ್ತ್ರೀಯರ ತಲೆಗೂದಲಿಗೆ ಧಾರ್ಮಿಕ ಅರ್ಥವನ್ನು ಕಲ್ಪಿಸಿ ಅದನ್ನು ಮರೆಮಾಡುವ ಪದ್ಧತಿ ಅನೇಕ ಸಮಾಜಗಳಲ್ಲಿ ಕಂಡುಬರುತ್ತದೆ. ಮದುವೆಯಾದ ಹೆಂಗಸು ತಲೆ ಮುಚ್ಚಿಕೊಳ್ಳಬೇಕೆಂಬ ಯೆಹೂದಿಗಳ ನಿಯಮ ಇವುಗಳಲ್ಲಿ ಪ್ರಸಿದ್ಧವಾದುದು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹವ್ಯಕ ಬ್ರಾಹ್ಮಣರಲ್ಲಿಯೂ ಇದಕ್ಕೆ ಸಮೀಪವಾದ ಒಂದು ಪದ್ಧತಿ ಇತ್ತು. ಗಂಡ ತೀರಿಕೊಂಡ ಹೆಂಗಸಿನ ತಲೆಯನ್ನು ಬೋಳಿಸಿ, ಆಕೆ ಜೀವಮಾನವಿಡೀ ಕೆಂಪು ಸೀರೆಯ ಸೆರಗಿನಿಂದ ಅದನ್ನು ಮುಚ್ಚಿಕೊಂಡಿರುವಂತೆ ಮಾಡುವುದೇ ಆ ಪದ್ಧತಿ. ಇದು ಹವ್ಯಕರಿಗೆ ಮಾತ್ರ ಸೀಮಿತವಾದುದಲ್ಲ. ದಕ್ಷಿಣ ಭಾರತದ ಮತ್ತು ಮಹಾರಾಷ್ಟ್ರದ ಬಹುಪಾಲು ಬ್ರಾಹ್ಮಣ ಪಂಗಡಗಳಲ್ಲಿ ಇದು ರೂಢಿಯಲ್ಲಿತ್ತು. ಆದರೆ ಅಡಿಕೆ ತೋಟದ ಅವಿಭಕ್ತ ಕುಟುಂಬದಲ್ಲಿ ಅದು ಹೇಗೆ ನೆಲೆನಿಂತಿತು, ಹೇಗೆ ಅಳಿಯಿತು ಎಂಬುದು ಪ್ರತ್ಯೇಕವಾಗಿ ವಿವೇಚಿಸತಕ್ಕ ವಿಷಯ. ಇದು ಶಾಸ್ತ್ರದ ವಿಧಿಯೋ, ಕುಟುಂಬದ ಕಟ್ಟಳೆಯೋ, ಅಥವಾ ಆ ಹೆಂಗಸು ತಾನೇ ಕೈಗೊಂಡ ವ್ರತವೋ ಎಂಬುದೇ ಪ್ರಕೃತ ಲೇಖನದ ಪ್ರಶ್ನೆ.

೨

ಮೊದಲು ಶಾಸ್ತ್ರಾಧಾರವನ್ನು ನೋಡಬಹುದು. ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆಯವರು ೧೯೪೧ರಲ್ಲಿ ಪ್ರಕಟವಾದ ತಮ್ಮ ಧರ್ಮಶಾಸ್ತ್ರ ಇತಿಹಾಸದ ಎರಡನೆಯ ಸಂಪುಟದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಮನು, ಯಾಜ್ಞವಲ್ಕ್ಯ ಮೊದಲಾದ ಪ್ರಾಚೀನ ಸ್ಮೃತಿಗಳು ವಿಧವೆಗೆ ಕಠಿಣವಾದ ಸಂಯಮವನ್ನು ವಿಧಿಸಿದರೂ ಕೇಶಮುಂಡನವನ್ನು ವಿಧಿಸುವುದಿಲ್ಲ. ವಿಧವೆಯ ಮುಡಿಯು ಪರಲೋಕದಲ್ಲಿ ಪತಿಗೆ ಬಂಧನವಾಗುತ್ತದೆಂಬ ಭಾವನೆ ಸ್ಕಂದಪುರಾಣದ ಕಾಶೀಖಂಡದಲ್ಲಿ ಬರುತ್ತದೆ. ಪದ್ಧತಿಯ ಸಮರ್ಥಕರು ಮುಖ್ಯವಾಗಿ ಅವಲಂಬಿಸಿದುದು ಇಂತಹ ಈಚಿನ ವಚನಗಳನ್ನೇ. ಶ್ರೀವೈಷ್ಣವರ ತೆಂಗಲೆ ಪಂಗಡದಲ್ಲಿ ವಿಧವೆಯರ ಮುಂಡನ ನಿಷಿದ್ಧವೆಂಬುದು ಇಲ್ಲಿ ಗಮನಾರ್ಹ. ಆಚಾರವಂತರೆಂದು ಹೆಸರಾದ ಬ್ರಾಹ್ಮಣರಲ್ಲಿಯೇ ಒಂದು ಪಂಗಡ ಇದನ್ನು ಒಪ್ಪದಿರುವಾಗ, ಇದು ಸರ್ವಸಮ್ಮತವಾದ ಶಾಸ್ತ್ರವಿಧಿಯೆಂದು ಹೇಳುವಂತಿಲ್ಲ. ಕರ್ನಾಟಕದ ಅನೇಕ ಬ್ರಾಹ್ಮಣೇತರ ಸಮುದಾಯಗಳಲ್ಲಂತೂ ವಿಧವೆಗೆ ಉಡಿಕೆಯ ಮೂಲಕ ಮರಳಿ ಸಂಸಾರ ಹೂಡುವ ಅವಕಾಶವಿತ್ತು.

೩

ಶಾಸ್ತ್ರದ ಬಲ ಇಷ್ಟು ದುರ್ಬಲವಾಗಿದ್ದರೂ ಪದ್ಧತಿ ಬಲವಾಗಿ ಉಳಿದುದಕ್ಕೆ ಕಾರಣವನ್ನು ಮನೆಯ ಒಳಗೇ ಹುಡುಕಬೇಕು. ಬಾಲ್ಯವಿವಾಹವೂ, ವಯಸ್ಸಾದವರು ತೆರ ಕೊಟ್ಟು ಎಳೆಯ ಹುಡುಗಿಯರನ್ನು ಮದುವೆಯಾಗುತ್ತಿದ್ದುದೂ ವಿಧವೆಯರ ಸಂಖ್ಯೆಯನ್ನು ಹೆಚ್ಚಿಸಿದುವು. ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ೧೮೮೭ರಲ್ಲಿ ಬರೆದ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ದ ವಸ್ತುವೇ ಈ ಕನ್ಯಾವಿಕ್ರಯ. ಹವ್ಯಕರ ಆಡುಮಾತಿನಲ್ಲಿ ರಚಿತವಾದ ಆ ಪ್ರಹಸನ ನಗಿಸುತ್ತದೆ; ಆದರೆ ಅಂತಹ ಮದುವೆಗಳ ಪರಿಣಾಮವನ್ನು ಅನುಭವಿಸಬೇಕಾದವಳು ಹುಡುಗಿ. ಬಾಲವಿಧವೆಯಾದರೆ ಆಕೆ ಋತುಮತಿಯಾಗುವ ತನಕ ಕಾದು, ಆಮೇಲೆ ಕೆಲಸಿಯನ್ನು ಕರೆಸಿ ತಲೆ ಬೋಳಿಸುವುದು ವಾಡಿಕೆಯಾಗಿತ್ತು. ಬೇರೆ ಯಾವ ಸಂದರ್ಭದಲ್ಲಿಯೂ ಪರಪುರುಷನ ಸ್ಪರ್ಶವನ್ನು ಸಹಿಸದ ಮಡಿವಂತ ಮನೆ, ಈ ಒಂದು ಕಾರ್ಯಕ್ಕಾಗಿ ಅವನ ಕೈಗೆ ಆಕೆಯ ತಲೆಯನ್ನು ಒಪ್ಪಿಸುತ್ತಿತ್ತು.

ತಲೆ ಬೋಳಿಸಿಕೊಂಡವಳು ಮಡಿ ಹೆಂಗಸೆನಿಸುತ್ತಿದ್ದಳು. ದೇವರ ನೈವೇದ್ಯಕ್ಕೂ ಶ್ರಾದ್ಧಕ್ಕೂ ಅವಳು ಮಾಡಿದ ಅಡಿಗೆ ಸಲ್ಲುತ್ತಿತ್ತು. ಕೂದಲುಳಿಸಿಕೊಂಡ ಸಕೇಶಿಯ ಕೈನೀರು ಸಲ್ಲುತ್ತಿರಲಿಲ್ಲ. ಈ ಭೇದವು ಕೇವಲ ಆಚಾರಕ್ಕೆ ಸಂಬಂಧಿಸಿದುದಲ್ಲ. ಅವಿಭಕ್ತ ಕುಟುಂಬದ ತೋಟದಲ್ಲಿ ವಿಧವೆಗೆ ಪಾಲಿರಲಿಲ್ಲ, ಜೀವನಾಂಶ ಮಾತ್ರವಿತ್ತು. ೧೮೫೬ರ ವಿಧವಾ ಪುನರ್ವಿವಾಹ ಕಾನೂನು ಮರುಮದುವೆಗೆ ಅವಕಾಶ ಕೊಟ್ಟಿತಾದರೂ, ಹಾಗೆ ಮದುವೆಯಾದವಳು ಮೊದಲ ಗಂಡನ ಆಸ್ತಿಯಲ್ಲಿನ ಹಕ್ಕನ್ನು ಕಳೆದುಕೊಳ್ಳುತ್ತಿದ್ದಳು. ಹೀಗಿರುವಲ್ಲಿ ಒಲೆಯ ಮುಂದಿನ ಸ್ಥಾನವೇ ಆಕೆಗಿದ್ದ ದೊಡ್ಡ ಆಸರೆ. ಆ ಸ್ಥಾನಕ್ಕೆ ತೆರಬೇಕಾದ ಬೆಲೆ ತಲೆಗೂದಲು. ಬಸಿರು ಬಾಣಂತನ, ಹಪ್ಪಳ ಉಪ್ಪಿನಕಾಯಿ, ಸುಗ್ಗಿಯ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುವುದು, ಇವೆಲ್ಲಕ್ಕೂ ಬೇಕಾದವಳೇ ಮದುವೆ ಮುಂಜಿಗಳ ಮಂಗಳಕಾರ್ಯಕ್ಕೆ ಎದುರು ಬರಬಾರದವಳಾಗಿದ್ದಳು. ಬೋಳಿ, ಮುಂಡೆ ಎಂಬ ಶಬ್ದಗಳು ಕನ್ನಡದಲ್ಲಿ ಬೈಗುಳಗಳಾಗಿ ಉಳಿದಿರುವುದು ಸಮಾಜದ ಮನಸ್ಸಿಗೆ ಸಾಕಷ್ಟು ಸಾಕ್ಷಿ.

೪

ಉತ್ತರ ಕನ್ನಡವು ೧೮೬೨ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆದುದರಿಂದ ಮುಂಬಯಿ ಪುಣೆಗಳ ಸುಧಾರಣಾ ಚಳವಳಿಯ ವಾರ್ತೆ ಘಟ್ಟದ ಮೇಲಿನ ಊರುಗಳನ್ನೂ ತಲಪುವ ದಾರಿ ತೆರೆಯಿತು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ೧೮೫೮ರಲ್ಲಿ ಜನಿಸಿದ ಪಂಡಿತಾ ರಮಾಬಾಯಿ ೧೮೮೯ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ಸ್ಥಾಪಿಸಿದರು. ೧೮೯೦ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ನಿಶ್ಚಯಿಸಿದರು. ಶಾರದಾ ಸದನದಲ್ಲಿ ಓದಿದ ವಿಧವೆ ಗೋದುಬಾಯಿಯನ್ನು ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು.

ಆದರೆ ತೋಟದ ಮನೆಗಳಲ್ಲಿ ಬದಲಾವಣೆ ನಿಧಾನವಾಗಿಯೇ ಬಂದಿತು. ೧೯೨೯ರಲ್ಲಿ ಅಂಗೀಕೃತವಾದ ಶಾರದಾ ಕಾನೂನು ಹುಡುಗಿಯ ವಿವಾಹವಯಸ್ಸನ್ನು ೧೪ಕ್ಕೆ ಏರಿಸಿತು. ೧೯೩೦ರ ದಶಕದ ಕರನಿರಾಕರಣೆಯಲ್ಲಿ ಸಿದ್ದಾಪುರ ತಾಲೂಕಿನ ಹೆಂಗಸರು ಮನೆಯ ಹೊಸ್ತಿಲು ದಾಟಿ, ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆಗಳ ಮುಂದೆ ಉಪವಾಸ ಕುಳಿತರು. ೧೯೩೭ರ ಕಾನೂನು ವಿಧವೆಗೆ ಗಂಡನ ಪಾಲಿನಲ್ಲಿ ಸೀಮಿತವಾದ ಹಕ್ಕನ್ನು ಕೊಟ್ಟಿತು. ಆದರೆ ಅದು ಪ್ರಾಂತಗಳ ಕೃಷಿಭೂಮಿಗೆ ಅನ್ವಯಿಸದೆಂದು ಫೆಡರಲ್ ನ್ಯಾಯಾಲಯ ೧೯೪೧ರಲ್ಲಿ ಅಭಿಪ್ರಾಯಪಟ್ಟುದರಿಂದ, ತೋಟಗದ್ದೆಗಳಿಗೆ ಅದು ಸಲ್ಲಲು ಪ್ರಾಂತೀಯ ಕಾನೂನಿನ ಅಗತ್ಯ ಉಂಟಾಯಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾನೂನಿನಿಂದ ಆಕೆ ಪೂರ್ಣ ಒಡೆತನ ಪಡೆಯುವಂತಾಯಿತು. ಶಾಲೆ, ಆಸ್ತಿ, ವಿವಾಹವಯಸ್ಸು ಇವು ಒಟ್ಟುಗೂಡಿ ಪದ್ಧತಿಯ ಬೇರನ್ನು ಸಡಿಲಿಸಿದುವು.

ಹೊಸದಾಗಿ ಮುಂಡನ ಮಾಡಿಸುವುದು ನಿಂತಮೇಲೂ, ಮೊದಲೇ ಮಾಡಿಸಿಕೊಂಡಿದ್ದ ವೃದ್ಧೆಯರಲ್ಲಿ ಅನೇಕರು ಕೂದಲು ಬಿಡಲಿಲ್ಲ, ಸೆರಗು ತೆಗೆಯಲಿಲ್ಲ. ಇದನ್ನು ಕೇವಲ ಅಂಜಿಕೆಯೆನ್ನುವುದು ಸರಿಯಾಗಲಾರದು. ದೀರ್ಘಕಾಲದ ಅಭ್ಯಾಸದಿಂದ ಬಲಾತ್ಕಾರದ ಗುರುತೇ ಸ್ವಂತ ವ್ರತವಾಗಿ ಪರಿಣಮಿಸಿದುದೂ ಉಂಟು. ಮಲೆನಾಡಿನ ಒಬ್ಬ ವಿಧವೆಯ ನಿಜಜೀವನವನ್ನು ಆಧರಿಸಿ ಎಂ. ಕೆ. ಇಂದಿರಾ ಅವರು ಬರೆದ ‘ಫಣಿಯಮ್ಮ’ ಕಾದಂಬರಿ (೧೯೭೬) ಈ ವಿಷಯದಲ್ಲಿ ಬೆಲೆಯುಳ್ಳ ದಾಖಲೆ. ಫಣಿಯಮ್ಮ ತಾನು ಮಡಿಯನ್ನು ಬಿಡುವುದಿಲ್ಲ. ಆದರೆ ತಲೆ ಬೋಳಿಸಿಕೊಳ್ಳಲು ಒಪ್ಪದ ತರುಣ ವಿಧವೆಯ ಪಕ್ಷವನ್ನು ವಹಿಸುತ್ತಾಳೆ.

೫

ಯೆಹೂದಿ ಪದ್ಧತಿಯೊಡನೆ ಹೋಲಿಸಿದಾಗ ಈ ಭೇದ ಇನ್ನಷ್ಟು ವಿಶದವಾಗುತ್ತದೆ. ಅವರ ಮಿಶ್ನಾ ಗ್ರಂಥದ ವಿವಾಹಪತ್ರಗಳ ಪ್ರಕರಣವು, ಹೆಂಡತಿ ತಲೆ ಮುಚ್ಚದೆ ಹೊರಗೆ ಹೋಗುವುದನ್ನು ‘ದತ್ ಯೆಹೂದಿತ್’ ಎಂದರೆ ಯೆಹೂದಿ ಸ್ತ್ರೀಯರ ಆಚಾರದ ಉಲ್ಲಂಘನೆಯೆಂದು ಎಣಿಸಿ, ಅಂಥವಳನ್ನು ವಿವಾಹಧನ ಕೊಡದೆ ಬಿಡಬಹುದೆನ್ನುತ್ತದೆ. ಅಲ್ಲಿಯೂ ಒತ್ತಾಯ ಇಲ್ಲದಿಲ್ಲ. ಆದರೆ ಅಲ್ಲಿ ಮುಚ್ಚಿದ ತಲೆ ಗೃಹಿಣೀಪದದ ಗೌರವಚಿಹ್ನೆ. ಇಲ್ಲಿ ಅದು ಆ ಪದದಿಂದ ಇಳಿದುದರ ಗುರುತು. ಸಾಮಾನ್ಯವಾಗಿ ಅಲ್ಲಿ ವಸ್ತ್ರವನ್ನು ಕಟ್ಟುವ ಕೈ ಆಕೆಯದೇ. ಇಲ್ಲಿ ಕತ್ತಿ ಹಿಡಿದ ಕೈ ಬೇರೆಯವನದು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಧರ್ಮಪಂಡಿತ ಮೋಶೆ ಫೈನ್‌ಸ್ಟೈನ್ ಅವರು, ಉದ್ಯೋಗಕ್ಕೆ ಅಡ್ಡಿಯಾಗುವುದಾದರೆ ವಿಧವೆಯೊಬ್ಬಳು ತಲೆ ತೆರೆದಿರಬಹುದೆಂದು ನಿರ್ಣಯವಿತ್ತರು. ಅವರು ವಿಧವೆಯ ಅನ್ನದ ಪ್ರಶ್ನೆಯನ್ನು ಆಚಾರದ ತಕ್ಕಡಿಯಲ್ಲಿಟ್ಟು ತೂಗಿದರು. ನಮ್ಮ ಸೀಮೆಯ ಹಳೆಯ ಕಟ್ಟಳೆಯಲ್ಲಿ ಅನ್ನ ದೊರೆಯಬೇಕಾದರೆ ತಲೆ ಬೋಳಾಗಬೇಕಾಗಿತ್ತು.

ಮೇಲಿನ ವಿವೇಚನೆಯಿಂದ, ಒಂದು ಶಿರೋವಸ್ತ್ರವು ವೈಯಕ್ತಿಕ ಧರ್ಮಾಚರಣೆಯೋ ಅಲ್ಲವೋ ಎಂಬುದು ಅದರ ಬಣ್ಣ ಆಕಾರಗಳಿಂದಾಗಲಿ, ಅದಕ್ಕೆ ಉದಾಹರಿಸುವ ವಚನಗಳಿಂದಾಗಲಿ ತಿಳಿಯತಕ್ಕುದಲ್ಲವೆಂದು ಸ್ಪಷ್ಟವಾಗುತ್ತದೆ. ಅದನ್ನು ಬೇಡವೆಂದ ಹೆಂಗಸಿಗೆ ಆ ಮನೆಯಲ್ಲಿ ಊಟವೂ ಸ್ಥಾನವೂ ಉಳಿಯುತ್ತಿದ್ದುವೇ ಎಂಬುದೇ ಪರೀಕ್ಷೆ. ಉಳಿಯುವ ಸ್ಥಿತಿ ಬಂದಾಗ ಕೇಶಮುಂಡನ ನಿಂತಿತು. ಆಮೇಲೆಯೂ ಸೆರಗು ಹೊದ್ದು ಬಾಳಿದ ವೃದ್ಧೆಯರನ್ನು ನಾವು ವ್ರತಸ್ಥರೆಂದು ಗೌರವಿಸಬಹುದು. ಅವರಿಗಿಂತ ಹಿಂದಿನವರ ಮೌನವನ್ನು ಸಮ್ಮತಿಯೆಂದು ಬರೆಯುವ ಅಧಿಕಾರ ಇತಿಹಾಸಕಾರನಿಗೆ ಇಲ್ಲ.