ವೃತ್ತ ನಕ್ಷೆ

ಒಂದು ಮೊತ್ತದಲ್ಲಿ ಯಾವ ಭಾಗದ ಪಾಲು ಎಷ್ಟು ಎಂಬುದನ್ನು ವೃತ್ತದ ಖಂಡಗಳಾಗಿ ತೋರಿಸುವ ಚಿತ್ರ. ಪೈ ನಕ್ಷೆ ಎಂದೂ ಕರೆಯುತ್ತಾರೆ. ವೃತ್ತಕೇಂದ್ರದ ಸುತ್ತಲಿನ 360 ಡಿಗ್ರಿ ಇಡೀ ಮೊತ್ತಕ್ಕೆ ಸಮ, ಶೇ. 1ರ ಪಾಲಿಗೆ 3.6 ಡಿಗ್ರಿ ಕೋನ. ಭಾಗಗಳು ಒಂದರೊಳಗೊಂದು ಸೇರಿರಬಾರದು, ಎಲ್ಲ ಕೂಡಿದರೆ ನೂರಾಗಬೇಕು.

ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ (1759–1823) 1801ರಲ್ಲಿ ಪ್ರಕಟಿಸಿದ ‘ಸ್ಟಾಟಿಸ್ಟಿಕಲ್ ಬ್ರೀವಿಯರಿ’ ಪುಸ್ತಕದಲ್ಲಿ ಇದರ ಮೊದಲ ಮಾದರಿ ಸಿಗುತ್ತದೆ. ತುರ್ಕಿ ಸಾಮ್ರಾಜ್ಯದ ನೆಲ ಏಷ್ಯಾ, ಯೂರೋಪ್, ಆಫ್ರಿಕಾಗಳಲ್ಲಿ ಹಂಚಿಹೋಗಿದ್ದ ಬಗೆಯನ್ನು ಆತ ಒಂದೇ ವೃತ್ತದಲ್ಲಿ ತೋರಿಸಿದ. 1858ರಲ್ಲಿ ಫ್ರಾನ್ಸಿನ ಎಂಜಿನಿಯರ್ ಶಾರ್ಲ್ ಜೋಸೆಫ್ ಮಿನಾರ್, ಪ್ಯಾರಿಸ್ಸಿಗೆ ಎಲ್ಲೆಲ್ಲಿಂದ ಎಷ್ಟು ಮಾಂಸ ಬರುತ್ತದೆಂಬುದನ್ನು ಭೂಪಟದ ಮೇಲೆಯೇ ವೃತ್ತಗಳನ್ನು ಬರೆದು ವಿವರಿಸಿದ. ಅದೇ ವರ್ಷ ಫ್ಲಾರೆನ್ಸ್ ನೈಟಿಂಗೇಲ್ ಪ್ರಕಟಿಸಿದ ಸೈನಿಕರ ಮರಣದ ಚಿತ್ರ ಬೇರೆ ಬಗೆಯದು. ಅಲ್ಲಿ ಖಂಡಗಳ ಕೋನ ಒಂದೇ, ಬದಲಾಗುವುದು ತ್ರಿಜ್ಯ.

ಈ ನಕ್ಷೆಯ ಬಲವನ್ನೂ ಮಿತಿಯನ್ನೂ ಅರಿಯಲು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯ ಅಂಕಿಗಳು ನೆರವಾಗುತ್ತವೆ. ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಅಳೆದ ಈ ಸಮಿತಿ ಆಗಿನ 175 ತಾಲ್ಲೂಕುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು, 40ನ್ನು ಅತಿ ಹಿಂದುಳಿದವು, 35ನ್ನು ಹಿಂದುಳಿದವು ಎಂದು ಗುರುತಿಸಿತು. ಉಳಿದ 61 ತಕ್ಕಮಟ್ಟಿಗೆ ಮುಂದುವರಿದವು. ಇವುಗಳ ಕೋನಗಳು ಕ್ರಮವಾಗಿ 80.2, 82.3, 72 ಮತ್ತು 125.5 ಡಿಗ್ರಿ. ರಾಜ್ಯದ ಅರ್ಧಕ್ಕಿಂತ ಹೆಚ್ಚು ತಾಲ್ಲೂಕುಗಳು ಆಗ ಹಿಂದುಳಿದಿದ್ದವು ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಆದರೆ ಮೊದಲ ಎರಡು ಖಂಡಗಳಲ್ಲಿ ಯಾವುದು ದೊಡ್ಡದೆಂದು ಕಣ್ಣಳತೆಗೆ ಸಿಗದು. ಕೋನಕ್ಕಿಂತ ಉದ್ದವನ್ನು ಜನ ಹೆಚ್ಚು ನಿಖರವಾಗಿ ಅಂದಾಜು ಮಾಡುತ್ತಾರೆಂದು ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್ಲೆಂಡ್ ಮತ್ತು ಮೆಗಿಲ್ 1984ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಇಂಥಲ್ಲಿ ಸ್ತಂಭ ನಕ್ಷೆಯೇ ಮೇಲು.

ಇನ್ನೊಂದು ಮಿತಿಯೂ ಇದೆ. ಉದಾಹರಣೆಗೆ ಸುರಪುರ ತಾಲ್ಲೂಕು, ನೆರೆಯ ಶಹಾಪುರ ಮತ್ತು ಯಾದಗಿರಿ ಅತ್ಯಂತ ಹಿಂದುಳಿದ ಗುಂಪಿನಲ್ಲಿದ್ದವು. ಯಾದಗಿರಿ ಜಿಲ್ಲೆ ಆಗಿನ್ನೂ ಆಗಿರಲಿಲ್ಲ. 2009ರ ಡಿಸೆಂಬರ್‌ವರೆಗೆ ಇವೆಲ್ಲ ಗುಲಬರ್ಗಾ ಜಿಲ್ಲೆಯವು. ಮೇಲಿನ ವೃತ್ತದಲ್ಲಿ ಈ ಸೀಮೆಯ ಸ್ಥಿತಿ ಕಾಣುವುದಿಲ್ಲ. ಆ 39 ತಾಲ್ಲೂಕುಗಳನ್ನೇ ಪೂರ್ಣವೆಂದು ಹಿಡಿದು ಇನ್ನೊಂದು ವೃತ್ತ ಬರೆದರೆ ಗುಲಬರ್ಗಾ ವಿಭಾಗದ 21 ತಾಲ್ಲೂಕುಗಳಿಗೆ 194 ಡಿಗ್ರಿ ಸಲ್ಲುತ್ತದೆ. ರಾಜ್ಯದ ಒಟ್ಟು ತಾಲ್ಲೂಕುಗಳ ವೃತ್ತದಲ್ಲಿ ಈ ವಿಭಾಗದ 31 ತಾಲ್ಲೂಕುಗಳಿಗೆ ಸಲ್ಲುವುದು ಸುಮಾರು 64 ಡಿಗ್ರಿ ಮಾತ್ರ. ಹಿಂದುಳಿದಿರುವಿಕೆಯ ಭಾರ ಎಲ್ಲಿ ಬಿದ್ದಿತ್ತು ಎಂಬುದು ಈ ಎರಡನ್ನೂ ಅಕ್ಕಪಕ್ಕ ಇಟ್ಟಾಗಲೇ ಸ್ಪಷ್ಟ. ಆದ್ದರಿಂದ ಯಾವ ವೃತ್ತ ನಕ್ಷೆಯ ಕೆಳಗಾದರೂ ಪೂರ್ಣವೆಂದು ಹಿಡಿದದ್ದು ಏನು, ಅದರ ಸಂಖ್ಯೆ ಎಷ್ಟು ಎಂಬುದನ್ನು ಬರೆದಿರಲೇಬೇಕು.